ಹುಳದ ಪೆಟ್ಟಿಗೆಯಲ್ಲಿ ಎವೆಲಿಯೋನ ಭಕ್ತಿ

ಹವಾನಾದ ಆ ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದ ಎವೆಲಿಯೋನಿಗೆ ಗೊತ್ತಿಲ್ಲದ ವಿದ್ಯೆಯೇ ಇರಲಿಲ್ಲ. ಮೂವತ್ತು ವರ್ಷ ಬಂದರಿನ ಉಗ್ರಾಣದಲ್ಲಿ ಕುರ್ಚಿ ಬಿಸಿ ಮಾಡಿ ನಿವೃತ್ತನಾದವನು, ಈಗ ಬಾಲ್ಕನಿಯಲ್ಲಿ ಇನ್ನೊಂದು ಕುರ್ಚಿ ಬಿಸಿ ಮಾಡುತ್ತ ಬೀದಿಗೆಲ್ಲ ಬುದ್ಧಿ ಹೇಳುತ್ತಿದ್ದ. ಇತ್ತಲಿನ ಕಡ್ಡಿ ಅತ್ತ ಎತ್ತಿಟ್ಟವನಲ್ಲ.

ಕುರ್ಚಿಯ ಪಕ್ಕದಲ್ಲೇ ಹೆಂಡತಿ ಸೆನೈದಾಳ ಹುಳದ ಪೆಟ್ಟಿಗೆ. ಕೆಟ್ಟ ಫ್ರಿಜ್ಜಿನ ತರಕಾರಿ ಡ್ರಾಯರು, ಅದರಲ್ಲಿ ಕೆಂಪು ಎರೆಹುಳು, ಬಾಳೆಕಾಯಿ ಸಿಪ್ಪೆ, ಕಾಫಿ ಚರಟ. ಅವಳ ಮೆಣಸಿನ ಗಿಡಗಳೆಲ್ಲ ಆ ಗೊಬ್ಬರದ್ದೇ ಮಕ್ಕಳು. ಇದ್ದಕ್ಕಿದ್ದಂತೆ ಒಂದು ದಿನ ಅದರ ಮೇಲೆ ಬಿಳಿ ಬೂಷ್ಟು ಹತ್ತಿಯ ಹಾಗೆ ಎದ್ದಿತು.

"ನೀರು ಜಾಸ್ತಿ ಮಾಡಿದೀಯ ಮುದುಕಿ. ನಾನು ಆವತ್ತೇ ಹೇಳ್ದೆ," ಅಂದ ಎವೆಲಿಯೋ.

ಅವಳು ಒಣ ಕಾಗದ ಹರಿದು ಹಾಕಿದಳು. ಮರುವಾರ ಬೂಷ್ಟು ಹಸಿರಾಯಿತು.

"ಕಾಗದ ಹಾಕಿದ್ದೇ ತಪ್ಪು. ಹುಳಕ್ಕೇನು ಓದೋಕೆ ಬರತ್ತಾ?"

ಜಗಳಕ್ಕೆ ಅವಳಿಗೆ ಮನಸ್ಸಿರಲಿಲ್ಲ. ತಂಗಿ ನಿಯೆವೆಸಳ ಕಣ್ಣಿನ ಆಪರೇಷನ್ ಮೂರು ಸಲ ಮುಂದೆ ಹೋಗಿ, ನಾಲ್ಕನೆಯ ತಾರೀಖು ಸಿಕ್ಕಿತ್ತು. ಅಷ್ಟರೊಳಗೆ ಏಳು ಸೋಮವಾರ ಸಿಹಿಯ ತಟ್ಟೆ ಇಡುತ್ತೇನೆಂದು ಬಾಗಿಲ ಹಿಂದೆ ಕೂತ, ದಾರಿ ತೆರೆಯುವ ದೇವರು ಎಲೆಗ್ವಾನಿಗೆ ಸೆನೈದಾ ಹರಕೆ ಹೊತ್ತಿದ್ದಳು. ಇಟ್ಟದ್ದನ್ನು ಮೂರನೆಯ ದಿನ ಪಾರ್ಕಿನ ಬೂರುಗದ ಮರದ ಬುಡಕ್ಕೆ ಒಯ್ಯಬೇಕು, ಇಲ್ಲವಾದರೆ ಹರಕೆ ಸಂದಂತಲ್ಲ. ಅವಳ ಮೊಣಕಾಲಿಗೆ ತೊಂಬತ್ತೆರಡು ಮೆಟ್ಟಿಲು ಆಗದು. ಅದಕ್ಕೇ ಪ್ರತಿ ವಾರ ಗಂಡನ ಕೈಗೆ ಕೊಡುತ್ತಿದ್ದಳು. ಅವಳು ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಈ ಮಹಾಶಯ ಖಾಲಿ ತಟ್ಟೆ ತೊಳೆದಿಟ್ಟು, ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತ ಏದುಸಿರು ಬಿಡುತ್ತಿದ್ದ.

ಹರಕೆಯ ಆರನೆಯ ವಾರ ಪೆಟ್ಟಿಗೆ ಹುಳಿನಾತ ಹೊಡೆಯಿತು. ಸೆನೈದಾ ಹಳೇ ಪೇಪರು ಹಾಸಿ ಡ್ರಾಯರು ಎಳೆದಳು.

"ಕೆದಕಬೇಡ್ವೇ! ಹುಳ ಸತ್ತೋಗ್ತವೆ! ಮೇಲೆ ಒಂದಿಷ್ಟು ಮಣ್ಣು ಉದುರಿಸು, ಸಾಕು."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಎಂದೂ ಕುರ್ಚಿ ಬಿಡದವನು ಎದ್ದು ನಿಂತಿದ್ದ. ಅವಳು ಪೆಟ್ಟಿಗೆಯನ್ನು ಬೋರಲು ಹಾಕಿದಳು. ಪೇರಳೆ ಹಣ್ಣಿನ ಪೇಸ್ಟ್ರಿ, ಕೇಕಿನ ತುಂಡು, ಕಾಗದ ಕೂಡ ಬಿಚ್ಚದ ಮಿಠಾಯಿ. ಆರು ಸೋಮವಾರದ್ದೂ ಬೂಷ್ಟಿನ ಕಂಬಳಿ ಹೊದ್ದು ಅಲ್ಲೇ ಇತ್ತು. ಪಾಪದ ಹುಳಗಳು ಮೂಲೆಯಲ್ಲಿ ಮುದ್ದೆಯಾಗಿದ್ದವು.

"ಇದೇನಯ್ಯಾ?"

"ಮರದ ಬುಡದಲ್ಲಿರೋದೂ ಮಣ್ಣೇ, ಇದೂ ಮಣ್ಣೇ. ದೇವರಿಗೇನು ಭೇದ?"

"ಮತ್ತೆ ಏದುಸಿರು ಯಾಕೆ ಬಿಡ್ತಿದ್ದೆ?"

ಅವನು ಟೋಪಿ ನೋಡಿಕೊಂಡ. ಅವಳು ಬಕೆಟ್ಟು ಎಳೆದುಕೊಂಡಳು. ಪ್ರತಿ ವಾರ ಫೋನಿನಲ್ಲಿ ತಂಗಿಗೆ, "ಇನ್ನೊಂದು ಸೋಮವಾರ ಆಯ್ತು ಕಣೇ, ಹೆದರಬೇಡ" ಅಂದಿದ್ದಳಲ್ಲ!

ಆ ಸಿಹಿಯನ್ನೆಲ್ಲ ಬಕೆಟ್ಟಿಗೆ ತುಂಬಿಕೊಂಡು, ಮರದ ಬುಡಕ್ಕೆ ಒಯ್ಯಲು ಅವಳೇ ಮೆಟ್ಟಿಲು ಇಳಿಯತೊಡಗಿದಳು. ಎವೆಲಿಯೋ ಮೇಲಿನಿಂದ ಬಗ್ಗಿ, "ಎಡಗಾಲು ಮೊದಲಿಡು! ಕಂಬಿ ಹಿಡ್ಕೋ!" ಎಂದು ಕೂಗಿದ. ಇಳಿದು ಬಂದು ಬಕೆಟ್ಟಿಗೆ ಕೈ ಹಾಕಬೇಕೆಂದು ಮಾತ್ರ ಅವನಿಗೆ ತೋಚಲಿಲ್ಲ.

ಎರಡನೆಯ ಮಹಡಿಯಲ್ಲಿ ಕಾಲು ಸೋತು ಕೂತಳು. ಬಾಗಿಲು ತೆರೆದ ನೆರೆಯವಳು, "ಬಕೆಟ್ಟಲ್ಲಿ ಏನಕ್ಕಾ?" ಅಂದಳು.

"ನನ್ನ ಗಂಡನ ಭಕ್ತಿ. ಬೂಷ್ಟು ಹಿಡಿದಿದೆ."

ನೆರೆಯವಳು ನಕ್ಕಳು. ಸೆನೈದಾ ನಗಲಿಲ್ಲ, ಕಂಬಿ ಹಿಡಿದು ಎದ್ದಳು. ಹರಕೆಯ ಏಳು ಸೋಮವಾರವನ್ನು ಮತ್ತೆ ಒಂದರಿಂದ ಎಣಿಸಬೇಕು. ಆಪರೇಷನ್ನಿಗೆ ಮೊದಲು ಉಳಿದಿದ್ದ ಸೋಮವಾರ ಒಂದೇ.