ಕೋಣೆಯ ಹೊರಗೆ ನಂಬರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ, ಮುಚ್ಚಿದ ಬಾಗಿಲೊಂದರ ಎದುರು, ನಡುವಯಸ್ಸಿನ ಹೆಂಗಸೊಬ್ಬರು ಕಿಟಕಿಯ ಸರಳು ಒರೆಸುತ್ತಿದ್ದಾರೆ. ಒರೆಸಿದ ಸರಳನ್ನೇ ಮತ್ತೆ ಒರೆಸುತ್ತಾರೆ. ಕಿವಿ ಬಾಗಿಲಿನ ಕಡೆಗಿದೆ. ಒಳಗಿನಿಂದ ಟಕ್ ಟಕ್, ಚೂರು ಬಿಡುವು, ಮತ್ತೆ ಟಕ್ ಟಕ್.

"ಅಕ್ಕಾ, ಸಾಕು ಬಿಡು, ಸರಳು ಸವೆದುಹೋದೀತು," ಎನ್ನುತ್ತಾನೆ ಕಾವಲುಗಾರ.

"ನಿನ್ನ ನಾಲಿಗೆನೇ ಸವೆದಿಲ್ಲ, ಇದು ಸವೀತದಾ? ಸುಮ್ನಿರು, ಕೇಳ್ಸಲ್ಲ."

ಎಲ್ಲರೂ ಇವರನ್ನು ನಂಬರಕ್ಕ ಎನ್ನುತ್ತಾರೆ. ಉತ್ತರ ಪತ್ರಿಕೆಯ ಮೇಲ್ಪಟ್ಟಿಯಲ್ಲಿ ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಇರುತ್ತದೆ. ಆ ಪಟ್ಟಿಗೊಂದು, ಕೆಳಗಿನ ಪುಟಕ್ಕೊಂದು, ಒಂದೇ ಗುಪ್ತ ಸಂಖ್ಯೆಯ ಮುದ್ರೆ ಒತ್ತಿ, ಪಟ್ಟಿ ಹರಿದು ಬೀರುವಿಗೆ ಹಾಕುವುದು ಅವರ ಕೆಲಸ. ಬರೆದವರು ಯಾರೆಂದು ತಿದ್ದುವವರಿಗೆ ತಿಳಿಯಬಾರದು. ಅಂಕ ಬಂದ ಮೇಲೆ ಪಟ್ಟಿಯ ಸಂಖ್ಯೆ, ಪುಟದ ಸಂಖ್ಯೆ ಹೊಂದಿಸಿ ಯಾರದೆಂದು ಕಂಡುಕೊಳ್ಳುತ್ತಾರೆ. ಎರಡು ಏಟಿಗೆ ಮುದ್ರೆಯ ಯಂತ್ರ ತಾನಾಗಿ ಮುಂದಿನ ಸಂಖ್ಯೆಗೆ ಹೊರಳುತ್ತದೆ. ಕೈ ತಪ್ಪಿ ಮೂರನೆಯ ಏಟು ಬಿದ್ದರೆ ಕಥೆ ಮುಗಿಯಿತು. ಅಲ್ಲಿಂದ ಮುಂದೆ ಪಟ್ಟಿಗೊಂದು ಸಂಖ್ಯೆ, ಪುಟಕ್ಕೆ ಇನ್ನೊಂದು ಬಿದ್ದು ಒಬ್ಬರ ಅಂಕ ಇನ್ನೊಬ್ಬರ ಪಾಲು.

ಈ ವಿಶ್ವವಿದ್ಯಾಲಯ ಮೊದಲು ದೂರದ ದೊಡ್ಡ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ಕೇಂದ್ರವಾಗಿತ್ತು. ಶಾಲೆಯೊಂದರ ಹಿಂಭಾಗದಲ್ಲಿ ನಡೆಯುತ್ತಿತ್ತು. ಅದು ಸ್ವತಂತ್ರ ವಿಶ್ವವಿದ್ಯಾಲಯವಾಗಿ, ಸುತ್ತಲಿನ ಕಾಲೇಜುಗಳೆಲ್ಲ ಅದರ ತೆಕ್ಕೆಗೆ ಬಂದ ವರ್ಷವೇ ನಂಬರಕ್ಕ ಕಸ ಗುಡಿಸುವ ದಿನಗೂಲಿಯಾಗಿ ಸೇರಿದರು. ಆಗ ಪತ್ರಿಕೆಗಳು ನೋಂದಣಿ ಸಂಖ್ಯೆಯ ಸಮೇತ ಹೋಗುತ್ತಿದ್ದವು. ಅಂಕಕ್ಕಾಗಿ ತಿದ್ದುವವರ ಮನೆ ಬಾಗಿಲಿಗೆ ಜನ ಹೋಗತೊಡಗಿ, ಗಲಾಟೆಯಾಗಿ, ವಿದ್ಯಾವಿಷಯಕ ಪರಿಷತ್ತು ಗುಪ್ತ ಸಂಖ್ಯೆಯ ಪದ್ಧತಿ ತಂದಿತು. ಪೊರಕೆ ಹಿಡಿದಿದ್ದ ಕೈಗೆ ಯಂತ್ರ ಬಂತು.

ಈ ಸಲ ಅವರ ಮಗಳು ಪದವಿಯ ಕೊನೆಯ ಪರೀಕ್ಷೆ ಬರೆದಿದ್ದಾಳೆ. ಪರೀಕ್ಷೆ ಬರೆದವರ ಸಂಬಂಧಿಕರು ಆ ಕೋಣೆಗೆ ಕಾಲಿಡುವಂತಿಲ್ಲ. ನಂಬರಕ್ಕ ತಾವಾಗಿಯೇ ಹೇಳಿ ಹೊರಗೆ ಬಂದರು. ಅವರ ಜಾಗಕ್ಕೆ ಗ್ರಂಥಾಲಯದ ಅಟೆಂಡರ್ ಬಂದಿದ್ದಾರೆ.

"ಯಾರೂ ಕೇಳಿರಲಿಲ್ಲವಲ್ಲಮ್ಮ, ಯಾಕೆ ಹೇಳೋಕೆ ಹೋದೆ ಅಂತಾಳೆ ಮಗಳು. ಕೇಳಿದ ಮೇಲೆ ಬಾಯಿ ಬಿಟ್ರೆ ಅದು ಸಿಕ್ಕಿಬೀಳೋದು ಕಣೇ ಅಂದೆ. ಎರಡು ದಿನ ಮಾತು ಬಿಟ್ಟಿದ್ಳು."

ಕಾವಲುಗಾರನಿಗೆ ಹೇಳುತ್ತಿದ್ದ ಮಾತು ಅಲ್ಲಿಗೇ ನಿಲ್ಲುತ್ತದೆ. ಒಳಗೆ ಟಕ್ ಟಕ್ ಟಕ್.

ನಂಬರಕ್ಕ ಒರೆಸುವ ಬಟ್ಟೆ ಕಿಟಕಿಯಲ್ಲೇ ಬಿಡುತ್ತಾರೆ. ಬಾಗಿಲ ಬಳಿ ಹೋಗುತ್ತಾರೆ, ಹಿಂದೆ ಸರಿಯುತ್ತಾರೆ. ಬಡಿದರೆ ಮಗಳಿಗಾಗಿ ಕೈ ಹಾಕಿದಳೆಂಬ ಮಾತು ಬರುತ್ತದೆ. ಬಡಿಯದಿದ್ದರೆ ಒಳಗೆ ಒಂದೊಂದು ಏಟಿಗೂ ಯಾರದೋ ಮಗುವಿನ ಅಂಕ ಕೈಬದಲಾಗುತ್ತಿರುತ್ತದೆ. ಟಕ್ ಟಕ್. ಟಕ್ ಟಕ್. ಕೊನೆಗೆ ಎರಡೂ ಅಂಗೈಗಳಿಂದ ಬಾಗಿಲು ಬಡಿಯುತ್ತಾರೆ.

"ಅಣ್ಣಾ, ನಿಲ್ಸು! ಮೂರು ಬಿತ್ತು! ನಾನು ಒಳಗೆ ಬರಲ್ಲ, ನೀನೇ ನೋಡ್ಕೋ!"

ಗ್ರಂಥಾಲಯದ ಅಟೆಂಡರ್ ಬೆವರು ಒರೆಸುತ್ತಾ ಇಣುಕುತ್ತಾರೆ. "ಹೌದಕ್ಕಾ, ಕೈ ಜಾರಿಬಿಡ್ತು. ಗೊತ್ತೇ ಆಗ್ಲಿಲ್ಲ."

ಪರೀಕ್ಷಾಧಿಕಾರಿ ಬಂದು ಪತ್ರಿಕೆಗಳ ಕಟ್ಟು ಬಿಚ್ಚಿಸುತ್ತಾರೆ. ಪಟ್ಟಿಗಳನ್ನು ಇನ್ನೂ ಹರಿದಿಲ್ಲ. ತಪ್ಪಿದ್ದಷ್ಟನ್ನೂ ಹೊಡೆದುಹಾಕಿ ಹೊಸ ಮುದ್ರೆ ಒತ್ತಿಸುತ್ತಾರೆ. ಆಮೇಲೆ ಹೊರಗೆ ಬಂದು, ದನಿ ತಗ್ಗಿಸಿ ಕೇಳುತ್ತಾರೆ: "ಅದು ನಿಮ್ಮ ಮಗಳ ಕಾಲೇಜಿನ ಕಟ್ಟು. ಗೊತ್ತಿತ್ತೇನಮ್ಮಾ?"

"ಇಲ್ಲ ಸಾರ್." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೇ ಇದ್ದಾರೆ. "ನಂಗೆ ಸದ್ದು ಮಾತ್ರ ಗೊತ್ತು."

"ನಾನು ನಂಬ್ತೀನಿ. ಆದ್ರೆ ಪರೀಕ್ಷಾ ಸಮಿತಿಗೆ ಹೇಳದೆ ಇರೋಕಾಗಲ್ಲ."

ಸಮಿತಿ ತೀರ್ಮಾನಿಸುವವರೆಗೆ ಮಗಳ ಫಲಿತಾಂಶ ತಡೆಯಬಹುದು. ನಂಬರಕ್ಕನನ್ನು ಆ ಕೋಣೆಯಿಂದ ಶಾಶ್ವತವಾಗಿ ದೂರ ಇಡಲೂಬಹುದು. ಮನೆಗೆ ಹೋಗಿ ಮಗಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವರು ಮೆಟ್ಟಿಲ ಮೇಲೆ ಕೂರುತ್ತಾರೆ. ಕಾವಲುಗಾರ ಈಗ ತಮಾಷೆ ಮಾಡುವುದಿಲ್ಲ. ಒಂದು ಲೋಟ ನೀರು ತಂದು ಪಕ್ಕದಲ್ಲಿಡುತ್ತಾನೆ.

ನಂಬರಕ್ಕ ಒಂದು ಗುಟುಕು ಕುಡಿದು ಅವನಿಗೆ ಹೇಳುತ್ತಾರೆ: "ಅವಳು ಪಾಸಾದ್ರೆ ಅಮ್ಮ ಮಾಡ್ಸಿದ್ದು ಅಂತಾರೆ ಜನ. ಫೇಲಾದ್ರೆ ಅಮ್ಮನಿಂದಲೇ ಆಗಿದ್ದು ಅಂತಾಳೆ ಅವಳು. ಏನಾದ್ರೂ ಅಂದ್ಕೊಳ್ಳಲಿ. ಅವಳು ಬರೆದದ್ದಕ್ಕೆ ಬಂದ ಅಂಕ ಅವಳಿಗೇ ಹೋಗುತ್ತೆ, ಪಕ್ಕದವಳದ್ದು ಪಕ್ಕದವಳಿಗೆ. ಅಷ್ಟು ಮಾತ್ರ ನಾನು ಮಾಡಿದ್ದು."