ನಾಲ್ಕು ತುಂಡು ಮುಂಚೆ

ತೊಂಬತ್ತರ ದಶಕದಲ್ಲಿ ಊರಿಗಾಂನ ಒಂದು ಖಾಸಗಿ ನಕ್ಷೆ ಕಚೇರಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಚಿನ್ನದ ಗಣಿಯ, ಬಟ್ಟೆಯ ಮೇಲೆ ಬರೆದ ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಒಳಕೋಣೆಯ ಸರ್ವರಿನಲ್ಲಿ ಇಡುವುದು, ಹೊರಗಿನ ಎರಡು ಯಂತ್ರಗಳಲ್ಲಿ ಅವನ್ನು ತಂತಿಯ ಮೂಲಕ ತೆರೆದು ತಿದ್ದುವುದು ಕೆಲಸ. ಒಂದು ಯಂತ್ರ ನನ್ನದು. ಇನ್ನೊಂದು, ಬಂಗಾರಪೇಟೆ ಕಡೆಯ ಹಳ್ಳಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ನನ್ನದೇ ವಯಸ್ಸಿನ ಹೆಂಗಸಿನದು. ಹಸು ಕರೆದು, ಡೈರಿಗೆ ಹಾಲು ಹಾಕಿ ಬರುತ್ತಿದ್ದಳು. ಸೆಗಣಿ ವಾಸನೆ ಎಂದು ಅವಳಿಗೆ ಕೇಳುವಂತೆಯೇ ಹೇಳಿ ನಾನು ಕಿಟಕಿ ತೆರೆಯುತ್ತಿದ್ದೆ. ನಿಜವಾದ ಕಾರಣ, ಅವಳು ನನಗಿಂತ ಚುರುಕಾಗಿದ್ದಳು.

ಒಂದು ನಕ್ಷೆ ತೆರೆಯುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಯಜಮಾನರು ರೋಸಿಹೋಗಿದ್ದರು. ಕೆಲಸ ಕಡಿಮೆಯಾಗುತ್ತಿದೆ, ಇನ್ನು ಒಬ್ಬರೇ ಸಾಕು, ನಕ್ಷೆಯನ್ನು ಯಾರು ಬೇಗ ತೆರೆಸುತ್ತೀರೋ ಅವರು ಉಳಿಯಿರಿ ಎಂದರು.

ಮಾರನೆಯ ದಿನವೇ ಅವಳು ಬಂದು ಉಪಾಯ ಹೇಳಿದಳು. ನನ್ನ ಹತ್ತಿರವೇ! ಅಷ್ಟು ಚುರುಕಿನವಳಿಗೆ ಅಷ್ಟೂ ತಿಳಿಯಲಿಲ್ಲ.

“ಸಾರ್, ನಮ್ ಮೆಷಿನ್ನು ಸರ್ವರ್ ತಾವ ನಕ್ಷೆದು ಒಂದ್ ತುಂಡು ಕೇಳ್ತದೆ, ಅದು ಬರೋಗಂಟ ಸುಮ್ನೆ ಕುಂತಿರ್ತದೆ, ಆಮ್ಯಾಕೆ ಇನ್ನೊಂದು ಕೇಳ್ತದೆ. ನಮ್ ಡೈರಿನಾಗೆ ಒಬ್ರ ಆಲು ಅಳೆಯೋವಾಗ್ಲೇ ಸಾಲಲ್ಲಿರೋ ನಾಕ್ ಜನ ಕ್ಯಾನ್ ಮುಚ್ಚಳ ತೆಗ್ದಿರ್ತಾರೆ. ಅಂಗೆ ನಾಕ್ ತುಂಡು ಮುಂಚೇನೇ ಕೇಳ್ಬುಟ್ರೆ?”

ಅದನ್ನೇ ರೀಡ್‌ಅಹೆಡ್ ಎನ್ನುತ್ತಾರೆ. ನಮ್ಮ ಯಂತ್ರಗಳಲ್ಲಿ ಒಮ್ಮೆಗೆ ಕೇಳುವ ತುಂಡುಗಳ ಸಂಖ್ಯೆ ಒಂದರಲ್ಲೇ ಕೂತಿತ್ತು. ನಕ್ಷೆಯನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿ ಓದಬೇಕಾದ್ದರಿಂದ ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಕೈಪಿಡಿ ನನ್ನ ಮೇಜಿನ ಮೇಲೇ ಬಿದ್ದಿತ್ತು, ನನಗೆ ಹೊಳೆದಿರಲಿಲ್ಲ. ಹೊಟ್ಟೆಗೆ ಬೆಂಕಿ ಬಿತ್ತು.

“ನಿನ್ ಮೆಷಿನ್‌ಗೆ ನಾಕು ಆಕ್ಕೊಮ್ಮ. ನಾಳೆ ಯಜಮಾನ್ರ ಮುಂದೆ ಎರಡನ್ನೂ ಓಡಿಸಾಣ,” ಎಂದೆ.

ಬೆಳಿಗ್ಗೆ ಅವಳ ರೈಲು ಬರುವ ಮೊದಲೇ ಹೋಗಿ, ತೋರಿಸಬೇಕಿದ್ದ ನಕ್ಷೆಯನ್ನು ನನ್ನ ಯಂತ್ರದಲ್ಲಿ ಒಮ್ಮೆ ತೆರೆದು ಮುಚ್ಚಿದೆ. ಹಾಗೆ ಮಾಡಿದರೆ ನಕ್ಷೆ ಯಂತ್ರದ ಮೆಮೊರಿಯಲ್ಲೇ ಉಳಿದಿರುತ್ತದೆ. ಎರಡನೆಯ ಸಲ ತಂತಿಯ ಗೊಡವೆಯೇ ಇಲ್ಲ. ಯಜಮಾನರು ಬಂದಾಗ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದೆವು. ನನ್ನದು ತಟ್ಟನೆ ತೆರೆಯಿತು. ಅವಳದು ಇನ್ನೂ ಅರ್ಧದಲ್ಲಿತ್ತು.

ಅವಳಿಗೆ ತಕ್ಷಣ ಗೊತ್ತಾಯಿತು. “ಸಾರ್‌ದು ಮೆಮೊರಿಯಿಂದ ಬಂದೈತೆ. ಒಂದ್ಸಲ ಆಫ್ ಮಾಡಿ ಮತ್ತೆ ತೆಗೀಲಿ, ದಮ್ಮಯ್ಯ,” ಎಂದು ಯಜಮಾನರನ್ನು ಬೇಡಿದಳು.

“ಸೋತೋರೆಲ್ಲ ಇಂಗೇ ಅನ್ನೋದು,” ಎಂದು ನಾನು ನಕ್ಕೆ. ಯಜಮಾನರೂ ನಕ್ಕರು. ಸಂಜೆಗೆ ಅವಳ ಕೆಲಸ ಹೋಯಿತು.

ಅವಳು ಮೆಟ್ಟಿಲಿಳಿದ ಕೂಡಲೇ ನನ್ನ ಯಂತ್ರಕ್ಕೆ ನಾಲ್ಕು ಹಾಕಿದೆ. ಎಲ್ಲ ನಕ್ಷೆಗಳೂ ಸರಸರನೆ ಬಂದವು. ಪಾಪ ಅನ್ನಿಸಿತೇ? ಇಲ್ಲ, ಖುಷಿಯಾಯಿತು. ಸುಳ್ಳೇಕೆ ಹೇಳಲಿ?

ಎರಡು ತಿಂಗಳ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎದುರಾದಳು. ಟೊಮೇಟೊ ಬಿಡಿಸುವ ಕೂಲಿಗೆ ಹೋಗುತ್ತಿದ್ದಳಂತೆ, ಬೆರಳುಗಳಿಗೆ ಗಿಡದ ಹಸಿರು ಕಟ್ಟಿತ್ತು. ಬೈಯುತ್ತಾಳೆಂದು ನಾನೂ ಬೈಗುಳ ಸಿದ್ಧ ಮಾಡಿಕೊಂಡೆ.

“ನಾಕು ಆಕಿದ್ರಾ ಸಾರ್?”

ಹೂಂ ಎಂದೆ.

“ಎಂಟು ಆಕಿ ನೋಡಿ. ಇನ್ನೂ ಬೇಗ ಬತ್ತದೆ.”

ಮಾರನೆಯ ದಿನ ಎಂಟು ಹಾಕಿದೆ. ಬೇಗ ಬಂತು. ಇದು ಹೇಗೆ ಹೊಳೆಯಿತು ಎಂದು ಯಜಮಾನರು ಕೇಳಿದಾಗ, ನನಗೇ ಹೊಳೆಯಿತು ಎಂದೆ.