ಔಟ್‌ಹೌಸ್ ಎಂದು ಬರೆಯದೆ ಇದ್ದದ್ದು

ಮಲ್ಲೇಶ್ವರದಲ್ಲಿ ಔಟ್‌ಹೌಸ್ ಎಂದರೆ ಯಾರೂ ಮೂಗು ಮುರಿಯುವುದಿಲ್ಲ. ಓನರ್ ಮನೆಯ ಹಿಂದೆ ಒಂದು ರೂಮು, ಒಂದು ಅಡುಗೆಮನೆ, ಮೇಲೆ ಹೆಂಚು. ಹದಿನೇಳು ವರ್ಷಗಳಿಂದ ನಾನು ಅಲ್ಲೇ ಬಾಡಿಗೆಗಿದ್ದು, ಸೀರೆಗಳ ಸೆರಗಿಗೆ ಕುಚ್ಚು ಕಟ್ಟಿ ಬದುಕುತ್ತಿದ್ದೇನೆ. ಗೇಟಿನ ಮೇಲೆ ನಾನೇ ಬರೆಸಿದ ಬೋರ್ಡು: ‘ಔಟ್‌ಹೌಸಿನಲ್ಲಿ ಕುಚ್ಚು ಕಟ್ಟಿಕೊಡಲಾಗುತ್ತದೆ.’ ಕೆಳಗೊಂದು ಬಾಣದ ಗುರುತು.

ಬೀರುವಿನ ತುಂಬ ಬೇರೆಯವರ ರೇಷ್ಮೆ ಸೀರೆ. ಗೋಡೆಯ ಆಚೆ ಮೋರಿ. ಮಳೆಗಾಲ ಬಂತೆಂದರೆ ರಾತ್ರಿ ಎದ್ದೆದ್ದು ಮೋರಿ ನೋಡಿ ಬರುತ್ತಿದ್ದೆ. ಬಾಡಿಗೆಯವರೂ ಸಾಮಾನಿಗೆ ಇನ್ಶೂರೆನ್ಸ್ ಮಾಡಿಸಬಹುದು ಎಂದು ಗೊತ್ತಾದಾಗ ಒಬ್ಬ ಏಜೆಂಟನ್ನು ಕರೆಸಿದೆ.

“ಮೇಲ್ಗಡೆ ಏನು ಮೇಡಂ, ಹೆಂಚಾ? ಜಾಸ್ತಿ ಆಗುತ್ತೆ.” ಮನೆ ಕಟ್ಟಿಸಿದ್ದು ಓನರ್ ತಾತ ಎಂದೆ. ಅದಕ್ಕೂ ಜಾಸ್ತಿ. ನೆಲದ ಮಟ್ಟದ ಮನೆ, ಹಿಂದೆ ಮೋರಿ, ಹಳೇ ವೈರಿಂಗ್, ಎಲ್ಲಕ್ಕೂ ಜಾಸ್ತಿ. ನಿಜ ಹೇಳಿದಷ್ಟೂ ಪ್ರೀಮಿಯಂ ಏರುತ್ತಿತ್ತು. “ಮನೇಲಿ ವ್ಯಾಪಾರ ಏನಾದ್ರೂ ಮಾಡ್ತೀರಾ?” ಎಂದು ಕೇಳಿದಾಗ ನನ್ನ ತೊಡೆಯ ಮೇಲೆ ಯಾರದೋ ಸೆರಗು ಹರಡಿತ್ತು.

ಅವನೇ ದಾರಿ ತೋರಿಸಿದ. “ಔಟ್‌ಹೌಸು, ಕುಚ್ಚು ಅಂತೆಲ್ಲ ಯಾಕೆ ಬರೀಬೇಕು? ಡೋರ್ ನಂಬರ್ ಒಂದೇ ತಾನೇ? ಮುಂದಿನ್ ಮನೆ, ಮೊದಲ್ನೇ ಮಹಡಿ, ಆರ್‌ಸಿಸಿ ಅಂತ ಹಾಕ್ತೀನಿ. ಅರ್ಧಕ್ಕರ್ಧ ಇಳಿಯುತ್ತೆ.”

ಎಂಟನೇ ಕ್ರಾಸಿನ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಗೆದ್ದಷ್ಟು ಖುಷಿಯಾಯಿತು ನನಗೆ. ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಸಹಿ ಹಾಕಿದೆ.

ಮುಂದಿನ ಮಳೆಗೆ ಮೋರಿ ಉಕ್ಕಿ ಬೀರುವಿನ ಕೆಳಗಿನ ಖಾನೆ ಮುಳುಗಿತು. ಅದರಲ್ಲಿದ್ದದ್ದು ಒಬ್ಬ ಹುಡುಗಿ ತಂದುಕೊಟ್ಟ ಧಾರೆ ಸೀರೆ. ತೀರಿಕೊಂಡ ಅವಳ ತಾಯಿಯದು. ತನ್ನ ಮದುವೆಗೆ ಅದನ್ನೇ ಉಡಬೇಕೆಂದು ಆಸೆಪಟ್ಟಿದ್ದಳು. ಮೇಲಿನ ಖಾನೆಯಲ್ಲಿ ಜಾಗವಿಲ್ಲವೆಂದು ಅಂದು ಕೆಳಗಿಟ್ಟವಳು ನಾನೇ.

ನಷ್ಟ ನೋಡಲು ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದರು. ಮುಂದಿನ ಓನರ್ ಮನೆಯಲ್ಲೇ ಮಾತಾಡಿಸಿ ಕಳಿಸೋಣ ಎಂದುಕೊಂಡಿದ್ದೆ. ಅವರು ಬಾಣದ ಗುರುತು ನೋಡಿಕೊಂಡು ನೇರ ನನ್ನ ಬಾಗಿಲಿಗೇ ಬಂದರು. “ಮೊದಲ್ನೇ ಮಹಡಿ ಇದೇನಾ ಅಮ್ಮ?” ಎಂದರು. ಗೇಲಿ ಮಾಡಲಿಲ್ಲ, ಪಾಪ. ಹೋಗುವಾಗ ಬೋರ್ಡಿನ ಫೋಟೊ ತೆಗೆದುಕೊಂಡರು. ಕ್ಲೇಮ್ ತಿರಸ್ಕರಿಸಿದ ಪತ್ರ ಬಂದಾಗ ಏಜೆಂಟಿಗೆ ಮನಸಾರೆ ಶಾಪ ಹಾಕಿದೆ. ಆದರೆ ಸಹಿ ನನ್ನದೇ ಅಲ್ಲವೆ?

ಹಣ ಬಂದಿದ್ದರೂ ಆ ಸೀರೆ ಮೊದಲಿನಂತಾಗುತ್ತಿರಲಿಲ್ಲ. ಆದರೂ ಆ ಹುಡುಗಿಯ ಮುಂದೆ ಬರಿಗೈಯಲ್ಲಿ ನಿಲ್ಲುವುದು ತಪ್ಪುತ್ತಿತ್ತು.

ಅವಳು ಬಂದು ಸೀರೆ ಬಿಚ್ಚಿದಳು. ಮೋರಿಯ ಕೊಳೆ ಒಗೆತಕ್ಕೆ ಹೋಗಿತ್ತು. ಹೋಗದೆ ಉಳಿದದ್ದು ಕೆನೆಬಣ್ಣದ ಒಡಲಿಗೆ ಇಳಿದಿದ್ದ ಮೆರೂನ್ ಕಲೆ. ಅದು ಮೋರಿಯದಲ್ಲ, ನನ್ನ ಕುಚ್ಚಿನ ದಾರದ ಬಣ್ಣ. ಕಡಿಮೆಗೆ ಸಿಗುತ್ತದೆಂದು ಆ ಸಲ ಬೇರೆ ಅಂಗಡಿಯ ದಾರ ತಂದಿದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಅವಳಿಗೂ.

“ನೀವೇನ್ ಮಾಡ್ತೀರಾ ಆಂಟಿ, ಮಳೆ ಬಂದ್ರೆ” ಎಂದಳು. ಸೀರೆಯನ್ನು ಮೊದಲಿನ ಮಡಿಕೆಗೇ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಪರ್ಸ್ ತೆಗೆದಳು.

“ಕುಚ್ಚಿಗೆ ಎಷ್ಟಾಯ್ತು, ಆಂಟಿ?”